ಹನ್ನೊಂದು ಮೈಲಿ

ಮೂರನೆಯ ದಿನದ ಮಧ್ಯಾಹ್ನ ಇಳಿಯುವ ಹೊತ್ತಿಗೆ ಲೆಮ್ಯುಯಲ್ ಹಾರ್ಗ್ರೋವ್‌ನ ಬಾಯಲ್ಲಿ ಕೃತಜ್ಞತೆಯೆಂಬುದು ಹಳಸಿದ ಜೋಳದ ರೊಟ್ಟಿಯಂತೆ ಒಣಗಿ ಅಂಗುಳಿಗೆ ಅಂಟಿಕೊಂಡಿತ್ತು. ಮತದಾರ ಮೆಟ್ಟಿಲು ಹತ್ತಿ ಬರಬೇಕು, ಷೆರೀಫ್ ಮಿಕಾ ಪೋಗ್ “ಯಾರಿಗೆ?” ಅನ್ನಬೇಕು, ಬಂದವನು ಊರಿಗೆಲ್ಲ ಕೇಳುವಂತೆ ಒಂದು ಹೆಸರು ಕೂಗಬೇಕು, ಆ ಹೆಸರಿನವನು ಬೆಂಚಿನಿಂದ ಎದ್ದು ಟೊಪ್ಪಿಗೆಯನ್ನು ಎದೆಗಿಟ್ಟು ಬಾಗಿ, “ನಿಮ್ಮ ಮತಕ್ಕೆ ಋಣಿ ಮಹಾಶಯರೇ, ಸಾಯುವತನಕ ಮರೆಯುವುದಿಲ್ಲ” ಅನ್ನಬೇಕು. ಕೆಂಟಕಿಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ಶಾಸ್ತ್ರ ಇದು. ಹಾರ್ಗ್ರೋವ್ ಎಷ್ಟು ಸಲ ಎದ್ದು ಕೂತಿದ್ದನೆಂದರೆ ಕೋರ್ಟಿನ ಓಕ್ ಬೆಂಚಿಗೇ ಅವನ ಸೊಂಟದ ನೋವು ಬಾಯಿಪಾಠವಾಗಿತ್ತು. ಅವನು ಏಳುವ ಮೊದಲೇ ಅದು ನರಳುತ್ತಿತ್ತು. ಹೊರಗೆ ಆಗಸ್ಟ್ ಬಿಸಿಲು. ಬಕ್‌ಲಿಕ್ ಕೌಂಟಿಯ ಬಿಸಿಲೆಂದರೆ ಸಾಮಾನ್ಯ ಬಿಸಿಲಲ್ಲ, ಹೊಳೆಯ ಮೀನುಗಳು ದಡಕ್ಕೆ ಬಂದು ಬೀಸಣಿಗೆ ಕೇಳುತ್ತವೆ, ಮರದ ನೆರಳು ತಾನೇ ಎದ್ದು ಇನ್ನೊಂದು ಮರದ ಕೆಳಗೆ ಹೋಗಿ ಕೂರುತ್ತದೆ. ಅಂಥ ಬಿಸಿಲಿನಲ್ಲೂ ಅವನ ಬೆನ್ನ ಮೇಲೆ ಇಳಿಯುತ್ತಿದ್ದ ಬೆವರು ತಣ್ಣಗಿತ್ತು. ಕಾರಣ ಒಂದೇ. ಕೋರ್ಟಿನ ಅಂಗಳದಾಚೆ ಲೋಕಸ್ಟ್ ಮರದ ಕೆಳಗೆ ಬೋರಲು ಹಾಕಿದ ಪೀಪಾಯಿಯೊಂದರ ಮೇಲೆ ಇಸಾಕರ್ ಡನ್ ಮೂರು ದಿನದಿಂದ ಕೂತಿದ್ದ. ಕೂತು ಒಂದು ಕಡ್ಡಿಯನ್ನು ಹೆರೆಯುತ್ತಿದ್ದ. ಇನ್ನೂ ಮತ ಹಾಕಿರಲಿಲ್ಲ.

ಹಾಕದಿದ್ದರೆ ಒಳ್ಳೆಯದು. ಹಾಕಲು ಬಂದರೆ ಬಾಯಿ ಬಿಡಬೇಕಾಗುತ್ತದೆ. ಮತ ಕೂಗುವವನು ಬರೀ ಹೆಸರನ್ನೇ ಕೂಗಬೇಕೆಂದು ಎಲ್ಲೂ ಬರೆದಿಲ್ಲ. ನಮ್ಮ ಕೌಂಟಿಯವರು ಆ ಮೆಟ್ಟಿಲ ಮೇಲೆ ನಿಂತು ಹೆಂಡತಿಯ ಹಲ್ಲುನೋವಿನಿಂದ ಹಿಡಿದು ಇಂಗ್ಲೆಂಡಿನ ರಾಜನ ಹುಚ್ಚಿನವರೆಗೆ ಏನನ್ನೂ ಮಾತಾಡದೆ ಬಿಟ್ಟವರಲ್ಲ. ಮೊನ್ನೆ ಒಬ್ಬ ತನ್ನ ಹಂದಿಯ ವಂಶಾವಳಿಯನ್ನು ನೋವಾನ ನಾವೆಯಿಂದ ಶುರುಮಾಡಿ ಹೇಳಿ ಮುಗಿಸಿಯೇ ಮತ ಹಾಕಿದ್ದ. ಡನ್‌ಗೆ ಅಷ್ಟು ಬೇಡ. ಒಂದೇ ವಾಕ್ಯ ಸಾಕು. ಆ ವಾಕ್ಯವನ್ನು ಹಾರ್ಗ್ರೋವ್ ರಾತ್ರಿಯೆಲ್ಲ ತನ್ನೊಳಗೇ ಡನ್‌ನ ದನಿಯಲ್ಲಿ ಹೇಳಿ ನೋಡಿದ್ದ, ಮೆಲ್ಲಗೆ, ಜೋರಾಗಿ, ನಗುತ್ತಾ, ಕೆಮ್ಮುತ್ತಾ. ಹೇಗೆ ಹೇಳಿದರೂ ಅದರ ಕೊನೆಗೆ ಒಂದು ಮೌನ ಬರುತ್ತಿತ್ತು. ಆ ಮೌನದಲ್ಲಿ ಕ್ಯಾಪ್ಟನ್ ಹಾರ್ಗ್ರೋವ್, ಕರ್ನಲ್ ಹಾರ್ಗ್ರೋವ್, ಸೆನೆಟರ್ ಹಾರ್ಗ್ರೋವ್, ಗವರ್ನರ್ ಹಾರ್ಗ್ರೋವ್ ಸಾಲಾಗಿ ನಿಂತು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದರು.

“ಸ್ವಲ್ಪ ನೀರು ತಗೊಳ್ಳಿ ಗವರ್ನರ್,” ಎಂದ ಪಕ್ಕದಲ್ಲಿ ಕೂತಿದ್ದ ಎದುರಾಳಿ ಟಾಲ್ಬರ್ಟ್ ಕ್ರೇನ್. ಎಳೆಯ ವಕೀಲ, ಮೂರು ದಿನವಾದರೂ ಕತ್ತುಪಟ್ಟಿಯ ಗಂಜಿ ಮುರಿದಿರಲಿಲ್ಲ. ಅವನ ಮರ್ಯಾದೆಯೇ ಹಾರ್ಗ್ರೋವ್‌ಗೆ ಬರೆ ಎಳೆದಂತಾಗುತ್ತಿತ್ತು. ಒಮ್ಮೆ ಗವರ್ನರ್ ಆದವನನ್ನು ಸಾಯುವತನಕ ಗವರ್ನರ್ ಎಂದೇ ಕರೆಯಬೇಕು, ಆದರೆ ಕುರ್ಚಿಯಿಂದ ಇಳಿದವನು ಏಳು ವರ್ಷ ಅದರ ಕಡೆ ತಿರುಗಿ ನೋಡಕೂಡದು. ಹೆಸರು ಉಳಿಸಿ ಕುರ್ಚಿ ಕಿತ್ತುಕೊಳ್ಳುವ ಕಾನೂನು. ಮನೆಗೆ ಬಂದ ಮೊದಲ ಚಳಿಗಾಲದಲ್ಲಿ ಅವನನ್ನು ಗವರ್ನರ್ ಎಂದು ಕರೆಯಲು ಹೆಂಡತಿ ಕೆಜಾಯಾ ಒಬ್ಬಳೇ ಇದ್ದಳು, ಅವಳೂ ಸಿಟ್ಟು ಬಂದಾಗ ಮಾತ್ರ. ಇಡೀ ರಾಜ್ಯವನ್ನು ಒಂದು ಕೈಯಲ್ಲಿ ಎತ್ತಿ ಇನ್ನೊಂದು ಕೈಗೆ ಹಾಕಿದವನು ಈಗ ಒಂದು ಕೌಂಟಿಯ ಒಂದು ಶಾಸಕ ಸೀಟಿಗಾಗಿ ಹಂದಿ ಸುಡಿಸಿ ವಿಸ್ಕಿ ಪೀಪಾಯಿ ತೆರೆಸಿ ಬೆಂಚಿನ ಮೇಲೆ ಕೂತಿದ್ದ. ಯಾಕೆ ಎಂದು ಕೆಜಾಯಾ ಕೇಳಿದ್ದಳು. ಅವನು ಜನಸೇವೆ ಅಂದಿದ್ದ. ಅವಳು ಹೆಣಿಗೆಯಿಂದ ತಲೆ ಎತ್ತದೆ, “ಜನ ಕೇಳಿದ್ರಾ?” ಅಂದಿದ್ದಳು.

ಅಷ್ಟರಲ್ಲಿ ಜುಬಲ್ ಟಾಕೆಟ್ ಮೆಟ್ಟಿಲು ಹತ್ತಿದ. ಬೇಟೆಗಾರ, ಅವನ ಗಡ್ಡದಲ್ಲಿ ಹಕ್ಕಿಗಳು ಎರಡು ಸಂಸಾರ ಹೂಡಿ ಮೂರನೆಯದಕ್ಕೆ ಜಾಗ ಸಾಲದೆ ಬಿಟ್ಟುಹೋದವೆಂದು ಪ್ರತೀತಿ.

“ಯಾರಿಗೋ ಜುಬಲ್?”

“ತಡಿ ಷೆರೀಫಣ್ಣ, ಇಬ್ಬರ ಪೀಪಾಯಿನೂ ರುಚಿ ನೋಡಿ ಬಂದಿದೀನಿ, ತೀರ್ಪು ಕೊಡ್ಬೇಕಲ್ಲ. ಕ್ರೇನ್ ಸಾಹೇಬ್ರ ವಿಸ್ಕಿ ಕುಡಿದ್ರೆ ಕಾನೂನು ಪುಸ್ತಕ ಓದಿದಂಗಾಗ್ತದೆ. ಮೊದ್ಲು ನಿದ್ದೆ, ಆಮೇಲೆ ತಲೆನೋವು. ಗೌರ್ನರ್ ಸಾಹೇಬ್ರದ್ದು ಕುಡಿದ್ರೆ ಯಾರನ್ನಾದ್ರೂ ಬೆನ್ನ ಮೇಲೆ ಹಾಕ್ಕೊಂಡು ಹನ್ನೊಂದು ಮೈಲಿ ಓಡ್ಬೇಕು ಅನ್ನಿಸ್ತದೆ!”

ಕೋರ್ಟು ನಕ್ಕಿತು. ಹಾರ್ಗ್ರೋವ್ ಏಳಲು ಮಂಡಿಗೆ ಕೈ ಊರಿದ.

“ಏಳ್ಬೇಡಿ ಗೌರ್ನರ್ರೇ, ಕೂತ್ಕೊಳ್ಳಿ. ನನ್ ಮತ ಕ್ರೇನ್‌ಗೆ. ಬೇಜಾರು ಮಾಡ್ಕೋಬೇಡಿ. ನಿಂತಾಗೆಲ್ಲ ಗೆಲ್ಲಿಸಿ ಕಳಿಸ್ದೆ, ನಮ್ ಹಳ್ಳಕ್ಕೊಂದು ಸೇತುವೆ ಬರ್ಲಿಲ್ಲ. ಹೊರೋದ್ರಲ್ಲಿ ಗಟ್ಟಿಗರು ನೀವು, ಮಳೆಗಾಲದಲ್ಲಿ ಬಂದು ನಮ್ಮನ್ನೂ ಒಬ್ಬೊಬ್ಬರಾಗಿ ದಾಟಿಸ್ಬಿಡಿ.” ನಗುವಿನ ರುಚಿ ಹತ್ತಿದವನು ಬೆಂಚಿನ ಹಿಂದೆ ಟರ್ಕಿ ಗರಿಯ ಬೀಸಣಿಗೆ ಹಿಡಿದು ನಿಂತಿದ್ದ ಐಸಮ್‌ನ ಕಡೆ ಗಡ್ಡ ತಿರುಗಿಸಿದ. “ಏನೋ ಐಸಮ್, ನಿಮ್ ಧಣಿನ ನಿನಗಿಂತ ಚೆನ್ನಾಗಿ ಬಲ್ಲೋರು ಯಾರವ್ರೆ? ನೀನ್ಯಾರಿಗೆ ಹಾಕ್ತೀಯೋ?”

“ನಂದು ಬೀಸೋ ಕೆಲಸ ಅಷ್ಟೇ ಸ್ವಾಮಿ,” ಎಂದ ಐಸಮ್.

ಜನ ಬಿದ್ದು ಬಿದ್ದು ನಕ್ಕರು. ಹಾರ್ಗ್ರೋವ್ ಕೂಡ ನಕ್ಕ. ಆದರೆ ಒಂದು ಗಳಿಗೆ ಕತ್ತಿನ ಹಿಂದೆ ಗಾಳಿ ನಿಂತಿತ್ತು, ಅದು ಅವನಿಗೆ ಮಾತ್ರ ಗೊತ್ತಾಯಿತು. ಐಸಮ್ ಅವನ ಆಸ್ತಿ. ಮಾವ ಮದುವೆಯಲ್ಲಿ ಕುದುರೆ, ಗಡಿಯಾರಗಳ ಜೊತೆಗೆ ಕೊಟ್ಟ ಗುಲಾಮ. ಇಪ್ಪತ್ತು ವರ್ಷದಿಂದ ದಿನಾ ಮಲಗುವ ಮುನ್ನ ಕರಡಿಯ ಕೊಬ್ಬು ಬಿಸಿಮಾಡಿ ಅವನ ಬಲದೊಡೆಯ ಹಳೆಯ ಗಾಯಕ್ಕೆ ತಿಕ್ಕುವವನು. ಗುಂಡು ಹಿಂದಿನಿಂದ ಹೊಕ್ಕ ಗಾಯ. ಬೆನ್ನ ಮೇಲೆ ಒಬ್ಬ ಮನುಷ್ಯನನ್ನು ಹೊತ್ತು ಓಡುವವನ ತೊಡೆಯ ಹಿಂಭಾಗಕ್ಕೆ, ಹೊರಿಸಿಕೊಂಡವನ ಕಾಲು ಜೋತುಬಿದ್ದಿರುವ ಜಾಗಕ್ಕೆ, ಗುಂಡು ಹೇಗೆ ಬಂತು? ಐಸಮ್ ಎಂದೂ ಕೇಳಿದವನಲ್ಲ. ಅವನ ಹೆಬ್ಬೆರಳು ಮಾತ್ರ ಆ ಗುಳಿಯ ಹತ್ತಿರ ಬಂದಾಗ ಒಂದು ಸುತ್ತು ಹೆಚ್ಚು ತಿರುಗುತ್ತಿತ್ತು.

ನಮ್ಮ ಕೌಂಟಿಯಲ್ಲಿ ಬೆಳೆಯುವಂಥ ದಷ್ಟಪುಷ್ಟ ಸುಳ್ಳು ಅಲ್ಲೆಘನಿ ಬೆಟ್ಟದ ಈಚೆ ಎಲ್ಲೂ ಬೆಳೆಯುವುದಿಲ್ಲ, ಮಣ್ಣಿನ ಗುಣ. ಆದರೆ ಈ ಸುಳ್ಳನ್ನು ಬಿತ್ತಿದವನು ಹಾರ್ಗ್ರೋವ್ ಅಲ್ಲ, ಅದನ್ನು ಅವನು ದೇವರ ಮುಂದೆಯೂ ಹೇಳಬಲ್ಲ. ಉಪ್ಪಿನ ಬುಗ್ಗೆಯ ಹತ್ತಿರ ಶಾನಿ ಬುಡಕಟ್ಟಿನವರು ಮುಗಿಬಿದ್ದ ದಿನ ಓಡುತ್ತಿದ್ದ ಅವನ ತೊಡೆಗೆ ಗುಂಡು ಹೊಕ್ಕಿತು. ಬಿದ್ದ. ಮುಂದೆ ಓಡಿಹೋಗಿದ್ದ ಡನ್ ತಿರುಗಿ ಬಂದು ಅವನನ್ನು ಗೋಧಿಯ ಮೂಟೆಯಂತೆ ಬೆನ್ನಿಗೇರಿಸಿಕೊಂಡು ಹೊಳೆಯ ದಡದವರೆಗೆ ಹೊತ್ತ. ಎರಡು ಮೈಲಿಯೂ ಇರಲಿಲ್ಲ. ದಾರಿಯುದ್ದಕ್ಕೂ ಹಾರ್ಗ್ರೋವ್ ಅತ್ತಿದ್ದ. ಬಿಟ್ಟು ಹೋಗಬೇಡ, ಬಿಟ್ಟು ಹೋಗಬೇಡ ಎಂದು ಡನ್‌ನ ಕಿವಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಮರುವರ್ಷ ದಂಡಿನ ಕ್ಯಾಪ್ಟನ್ನನ್ನು ಆರಿಸುವಾಗ ಕುಡಿದವನೊಬ್ಬ ಎದ್ದು, “ಹಾರ್ಗ್ರೋವ್‌ನ ಆರಿಸ್ರೋ, ಡನ್‌ನ ಬೆನ್ನ ಮೇಲೆ ಹೊತ್ತು ತಂದ ಗಂಡು ಅವನು!” ಅಂದುಬಿಟ್ಟ. ತಿರುಗಾಮುರುಗಾ. ಹಾರ್ಗ್ರೋವ್ ಸರಿಪಡಿಸಲು ಬಾಯಿ ತೆರೆದಿದ್ದ, ನಿಜವಾಗಿ ತೆರೆದಿದ್ದ, ಆ ತೆರೆದ ಬಾಯಿಯೊಳಗೆ ಜಯಘೋಷ ನುಗ್ಗಿತು. ಕಣ್ಣು ಡನ್‌ನನ್ನು ಹುಡುಕಿತು. ಡನ್ ಕಿವಿ ಕೆರೆದುಕೊಳ್ಳುತ್ತಿದ್ದ. ಆಮೇಲೆ ಪ್ರತಿ ಚುನಾವಣೆಯಲ್ಲೂ ದಾರಿ ಉದ್ದವಾಯಿತು. ಕರ್ನಲ್ ಆಗುವಾಗ ಐದು ಮೈಲಿ, ಸೆನೆಟ್ಟಿಗೆ ಎಂಟು, ಗವರ್ನರ್ ಆಗುವ ಹೊತ್ತಿಗೆ ಹನ್ನೊಂದು, ಮಧ್ಯೆ ನೆರೆ ಬಂದ ಹೊಳೆ, ಮೂರು ತೋಳ, ಒಂದು ಹೆಣ್ಣು ಚಿರತೆ. ಡನ್‌ನ ಹೆಂಡತಿ ಬದುಕಿದ್ದಾಗ ಒಮ್ಮೆ ಸಂತೆಯಲ್ಲಿ ಸಿಕ್ಕಿ, “ನಮ್ಮೋರು ನಿಮ್ ಬೆನ್ನ ಮೇಲೆ ಭಾರ ಆಗ್ಲಿಲ್ವಾ ಗೌರ್ನರ್ರೇ?” ಎಂದು ಕೇಳಿದ್ದಳು. ನಕ್ಕಿದ್ದಳೋ ಇಲ್ಲವೋ ಬಿಸಿಲಿಗೆ ಕಾಣಿಸಲಿಲ್ಲ.

ಮತ್ತೊಬ್ಬ ಬಂದ. ಹಾರ್ಗ್ರೋವ್‌ಗೆ ಮತ. ಎದ್ದ, ಬಾಗಿದ, ಸಾಯುವತನಕ ಮರೆಯುವುದಿಲ್ಲ. ಯಾರೆಂದು ಆಗಲೇ ಮರೆತಿದ್ದ. ಗುಮಾಸ್ತ ತಲೆಯೆತ್ತಿ ಷೆರೀಫನ ಕಿವಿಯಲ್ಲಿ ಏನೋ ಅಂದ; ಷೆರೀಫ್ ಹುಬ್ಬೇರಿಸಿದ. ಸಮ. ಆ ಮಾತು ಕೋರ್ಟಿನಿಂದ ಅಂಗಳಕ್ಕೆ, ಅಂಗಳದಿಂದ ಹಂದಿ ಸುಡುವ ಗುಂಡಿಗೆ, ಗುಂಡಿಯಿಂದ ಕುದುರೆ ಕಟ್ಟುವ ಗೂಟಕ್ಕೆ ಹಬ್ಬಿತು, ಕುದುರೆಗಳೂ ಕಿವಿ ನಿಮಿರಿಸಿದವು. ಮತ ಹಾಕದೆ ಉಳಿದವರು ಯಾರು? ಒಂದೊಂದೇ ತಲೆ ಲೋಕಸ್ಟ್ ಮರದ ಕಡೆ ತಿರುಗಿತು.

ಡನ್ ಕಡ್ಡಿ ಹೆರೆಯುತ್ತಲೇ ಇದ್ದ. ಆ ಬೆರಳುಗಳನ್ನು ಹಾರ್ಗ್ರೋವ್ ಕೊನೆಯ ಸಲ ಹತ್ತಿರದಿಂದ ನೋಡಿದ್ದು ರಾಜಧಾನಿಯ ತನ್ನ ಊಟದ ಮನೆಯ ಬಾಗಿಲಲ್ಲಿ, ಟೊಪ್ಪಿಗೆಯ ಅಂಚನ್ನು ಸುತ್ತುತ್ತಿದ್ದಾಗ. ಮೇಜಿನ ಸುತ್ತ ಶಾಸಕರು. ನಡುವೆ ಹೊಗೆಗೆ ಹಿಡಿದ ಹಂದಿ ತೊಡೆ. ಕುಯ್ಯುವ ಚಾಕು ಅವನ ಕೈಯಲ್ಲಿ. ಯಾರೋ ಕೇಳಿದ್ದಕ್ಕೆ ಎದ್ದು ನಿಂತು ಹನ್ನೊಂದು ಮೈಲಿಯ ಕಥೆ ಹೇಳುತ್ತಿದ್ದ. ಏಳನೆಯ ಮೈಲಿಯಲ್ಲಿದ್ದ, ಚಿರತೆ ಬಂದಿತ್ತು. ಬಾಗಿಲು ತೆರೆಯಿತು. ಡನ್ ಕೌಂಟಿಯಿಂದ ಬಂದು ಹಜಾರದಲ್ಲಿ ಕಾದು ಕಾದು, ಒಳಗಿನ ನಗು ಕೇಳಿ ಊಟ ಮುಗಿಯಿತೆಂದುಕೊಂಡು ಬಂದಿದ್ದ. ಹಾರ್ಗ್ರೋವ್‌ನ ಬಾಯಿ ನಿಲ್ಲಲಿಲ್ಲ. “ಇಗೋ, ಇವನೇ ಅವನು!” ಎಂದು ಚಾಕು ತೋರಿಸಿದ. ಮೇಜೆಲ್ಲ ಎದ್ದಿತು, ಗ್ಲಾಸುಗಳು ಮೇಲೇರಿದವು. “ಹೊರಿಸ್ಕೊಂಡೋನಿಗೆ!” ಎಂದರು ಯಾರೋ. ಡನ್‌ನ ಕೈಗೂ ಒಂದು ಗ್ಲಾಸು ಇಟ್ಟರು. ಡನ್ ಕುಡಿದ. ಸಭ್ಯವಾಗಿ ತುಟಿ ಒರೆಸಿಕೊಂಡ. ಆಮೇಲೆ ಹಜಾರದಲ್ಲಿ ಮಗನ ಮಾತೆತ್ತಿದ. ಆಸಾ, ಇಪ್ಪತ್ತೂ ತುಂಬದವನು, ಕುದುರೆ ಜೂಜಿನ ಜಗಳದಲ್ಲಿ ನ್ಯಾಯಾಧೀಶರೊಬ್ಬರ ಸೋದರಳಿಯನಿಗೆ ಚಾಕು ಹಾಕಿದ್ದ. ಸತ್ತವನೂ ಚಾಕು ಹಿರಿದಿದ್ದ. ನೇಣು ಗೊತ್ತಾಗಿತ್ತು. ಗವರ್ನರ್ ಒಂದು ಸಹಿ ಹಾಕಿದರೆ ಸಾಕಿತ್ತು. ಒಳಗೆ ಶಾಸಕರು ಇನ್ನೂ ನಗುತ್ತಿದ್ದರು. ಹಾಕಿದರೆ ಏನೆನ್ನುತ್ತಾರೆ? ಗೆಳೆಯನ ಮಗನಿಗೊಂದು ನ್ಯಾಯ, ಊರವರ ಮಕ್ಕಳಿಗೊಂದು ನ್ಯಾಯ ಎನ್ನುತ್ತಾರೆ. ಇಂಥ ಋಣ ಯಾವುದಪ್ಪಾ ಎಂದು ಯಾರಾದರೂ ಕೆದಕುತ್ತಾರೆ. ಹೊತ್ತವನಿಗೆ ಋಣವಿರುವುದಿಲ್ಲ, ಹೊರಿಸಿಕೊಂಡವನಿಗಿರುತ್ತದೆ ಎಂದು ಯಾರಿಗಾದರೂ ಹೊಳೆಯುತ್ತದೆ. “ಕಾನೂನು, ಇಸಾಕರ್,” ಅಂದಿದ್ದ, “ನನ್ನ ಕೈ ಕಟ್ಟಿದೆ.” ಕೈ ಕಟ್ಟಿರಲಿಲ್ಲ. ಕೈಯಲ್ಲಿ ಹಂದಿಯ ಕೊಬ್ಬು ಹತ್ತಿದ್ದ ಚಾಕು ಇನ್ನೂ ಇತ್ತು. ಡನ್ ಅದನ್ನೂ ನೋಡಿದ. ಉಪ್ಪಿನ ಬುಗ್ಗೆಯ ಮಾತನ್ನು ಎತ್ತುತ್ತಾನೆ, ಈಗ ಎತ್ತುತ್ತಾನೆ ಎಂದು ಹಾರ್ಗ್ರೋವ್ ಉಸಿರು ಹಿಡಿದ. ಎತ್ತಿದ್ದರೆ ಸಹಿ ಹಾಕಿಬಿಡುತ್ತಿದ್ದನೇನೋ, ಹೆದರಿಯಾದರೂ. ಡನ್ ಅಂದದ್ದು ಇಷ್ಟೇ: “ಕಾಲು ಹೆಂಗದೆ ಲೆಮ್? ಚಳಿಗೆ ಸೆಳೀತದಾ?” ಟೊಪ್ಪಿಗೆ ಹಾಕಿಕೊಂಡು ಹೊರಟುಹೋದ. ನೇಣು ಇದೇ ಅಂಗಳದಲ್ಲಿ ಆಯಿತು. ಮಗನ ಹೆಣವನ್ನು ಡನ್ ಮನೆಗೆ ಒಯ್ದನೆಂದು ಕೇಳಿದ್ದ. ಯಾರ ಗಾಡಿಯಲ್ಲಿ ಎಂದು ಕೇಳಲಿಲ್ಲ.

“ಇನ್ಯಾರಾದ್ರೂ ಇದ್ದೀರೇನ್ರಪ್ಪಾ?” ಷೆರೀಫ್ ಬಾಗಿಲಲ್ಲಿ ನಿಂತು ಕೂಗಿದ. “ಹೊತ್ತಾಯ್ತು, ಮುಗಿಸ್ತೀನಿ!”

ಡನ್ ಚಾಕು ಮಡಿಚಿದ. ಎದ್ದ. ಜನ ದಾರಿ ಬಿಟ್ಟರು. ಎಪ್ಪತ್ತಕ್ಕೆ ಹತ್ತಿರವಾದ ಮುದುಕ, ಆದರೆ ಜೀವಮಾನವೆಲ್ಲ ಪೀಪಾಯಿ ಕಟ್ಟಿ ಉರುಳಿಸಿದ ಭುಜ. ಆ ಭುಜ ಬಾಗಿಲೊಳಗೆ ಬರುವಾಗ ಬಾಗಿಲೇ ಪಕ್ಕಕ್ಕೆ ಸರಿಯಿತು ಅಂದರೆ ಹೆಚ್ಚಲ್ಲ. ಹಾರ್ಗ್ರೋವ್‌ಗೆ ಇದ್ದಕ್ಕಿದ್ದಂತೆ ಮೂತ್ರ ಒತ್ತರಿಸಿ ಬಂತು. ಎದ್ದು ಹೋಗುವಂತಿಲ್ಲ. ಎದ್ದು ‘ನಾನೇ ಹೇಳುತ್ತೇನೆ’ ಅನ್ನಬಹುದು. ಈಗ. ಇವನು ಬಾಯಿ ಬಿಡುವ ಮೊದಲು. ತುಟಿ ಬೇರೆಯಾಯಿತು, ಒಳಗೆ ಇದ್ದದ್ದು ಅದೇ ಒಣಗಿದ ರೊಟ್ಟಿ.

“ಯಾರಿಗೆ, ಇಸಾಕರ್?”

ಡನ್ ಮೊದಲು ಕ್ರೇನ್‌ನನ್ನು ನೋಡಿದ, ಕತ್ತುಪಟ್ಟಿಯಿಂದ ಬೂಟಿನವರೆಗೆ, ಮರ ಆರಿಸುವವನ ಹಾಗೆ. ಆಮೇಲೆ ಹಾರ್ಗ್ರೋವ್‌ನನ್ನು. ಮುಖವನ್ನಲ್ಲ, ತೊಡೆಯನ್ನು. ಬೀಸಣಿಗೆಯ ಗಾಳಿ ನಿಂತಿತ್ತು. ಒಂದು ನೊಣ ಷೆರೀಫನ ಮೂಗಿನ ಮೇಲೆ ಕೂತು ಸಂಸಾರ ಹೂಡಿ ಮುದಿಯಾಗುವಷ್ಟು ಹೊತ್ತು.

“ಹಾರ್ಗ್ರೋವ್,” ಎಂದ ಡನ್. “ಇವನ ಭಾರ ಎಷ್ಟೂಂತ ನಂಗೊತ್ತು. ಆ ಹುಡುಗಂದು ಗೊತ್ತಿಲ್ಲ.”

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಟಾಕೆಟ್‌ನ ಗಡ್ಡದೊಳಗಿಂದ ಒಂದು ಕೇಕೆ ಹೊರಟಿತು. “ಕೇಳಿದ್ರೇನ್ರೋ! ಭಾರ ಹೊತ್ತೋರ ಕಷ್ಟ ಹೊರಿಸ್ಕೊಂಡೋನಿಗೇ ಗೊತ್ತು!” ಕೋರ್ಟು ಸಿಡಿಯಿತು. ಟೊಪ್ಪಿಗೆಗಳು ಎಷ್ಟು ಎತ್ತರ ಹಾರಿದವೆಂದರೆ ಕೆಲವು ಇನ್ನೂ ಕೆಳಗೆ ಬಂದಿಲ್ಲ. ಗೆದ್ದಿದ್ದ. ಮಗನನ್ನು ಕಳೆದುಕೊಂಡವನೇ ಗೆಲ್ಲಿಸಿದ್ದ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಕ್ರೇನ್ ಎದ್ದು ಕೈ ಕುಲುಕಿದ. ಹಾರ್ಗ್ರೋವ್ ಎದ್ದು ಟೊಪ್ಪಿಗೆ ಎದೆಗಿಟ್ಟ. ನಿಮ್ಮ ಮತಕ್ಕೆ ಋಣಿ. ಮೂರು ದಿನದಲ್ಲಿ ಮೊದಲ ಸಲ ನಾಲಗೆ ಆ ನಾಲ್ಕು ಪದದ ಹೊಸ್ತಿಲಲ್ಲಿ ಎಡವಿ ನಿಂತಿತು, ಮತ್ತು ಡನ್ ಕಾಯುತ್ತಿದ್ದ, ಶಾಸ್ತ್ರ ಮುಗಿಯಲಿ ಎಂದು ಸುಮ್ಮನೆ ಕಾಯುವವನಂತೆ.

ಗೆದ್ದವನನ್ನು ಕುರ್ಚಿಯ ಮೇಲೆ ಕೂರಿಸಿ ಹೆಗಲಿಗೇರಿಸಿ ಕೋರ್ಟಿಗೆ ಸುತ್ತು ಹಾಕಿಸುವುದು ನಮ್ಮಲ್ಲಿ ವಾಡಿಕೆ. ಕುರ್ಚಿ ಬಂದಿತ್ತು ಕೂಡ. ಟಾಕೆಟ್ ಅದನ್ನು ಕಾಲಿನಿಂದ ಒದ್ದ. “ಕುರ್ಚಿ ಯಾತಕ್ರೋ! ಗೌರ್ನರ್ರು ಡನ್‌ನ ಇನ್ನೊಂದ್ಸಲ ಹೊರ್ಲಿ! ನಮ್ಮಪ್ಪ ನೋಡಿದಾನೆ, ನಾವು ನೋಡಿಲ್ಲ!” ಯಾರ ಅಪ್ಪನೂ ನೋಡಿರಲಿಲ್ಲ. “ಹೊರ್ಲಿ! ಹೊರ್ಲಿ!” ಬೇಡ ಎಂದ ಹಾರ್ಗ್ರೋವ್, ಕೇಳಿಸಲಿಲ್ಲ. ವಯಸ್ಸಾಯಿತು ಎಂದ, ನಕ್ಕರು. “ಹನ್ನೊಂದು ಮೈಲಿ ಬ್ಯಾಡ ಬಿಡಿ, ಹನ್ನೊಂದು ಹೆಜ್ಜೆ!” ಎಷ್ಟೋ ಕೈಗಳು ಅವನ ಕೋಟು ಕಳಚಿದವು, ಮೆಟ್ಟಿಲಿಳಿಸಿದವು, ಅಂಗಳದ ನಡುವೆ ನೇಣುಗಂಬದ ಹಳೆಯ ಗುಣಿಗಳು ಮುಚ್ಚಿಹೋಗಿ ಹುಲ್ಲು ಬೆಳೆದ ಜಾಗದಲ್ಲಿ ನಿಲ್ಲಿಸಿದವು, ಬೆನ್ನು ಬಗ್ಗಿಸಿದವು. ಹಿಂದಿನಿಂದ ಡನ್‌ನ ಎರಡು ಕೈ ಅವನ ಭುಜದ ಮೇಲೆ ಬಂದು ಕೂತವು. ಹಗುರವಾಗಿ. ಭಾರ ಹಾಕಲೇ ಇಲ್ಲ ಡನ್, ಬರೀ ಕೈ ಇಟ್ಟ. ಅಷ್ಟಕ್ಕೇ ಬಲಗಾಲು ಒಳಗಿಂದ ಯಾರೋ ಗೂಟ ಕಿತ್ತಂತೆ ಕುಸಿಯಿತು. ಹಾರ್ಗ್ರೋವ್ ಮುಖ ಅಡಿಯಾಗಿ ಹುಲ್ಲಿಗೆ ಬಿದ್ದ. ಬಾಯಲ್ಲಿ ಮಣ್ಣು, ಉಪ್ಪುಪ್ಪು ಮಣ್ಣು, ಆ ಬುಗ್ಗೆಯ ಹತ್ತಿರದ ಅದೇ ರುಚಿ.

ಗುಂಪು ಸೀಳಿಕೊಂಡು ಬಂದ ಐಸಮ್ ಬಗ್ಗಿದ. ಡನ್ ಅವನನ್ನು ಮೊಣಕೈಯಿಂದ ಮೆಲ್ಲಗೆ ಸರಿಸಿ, “ನಂಗೊತ್ತು ಎಲ್ಲಿ ಹಿಡೀಬೇಕೂಂತ,” ಎಂದ. ಐಸಮ್ ಅವನ ಮುಖವನ್ನೊಮ್ಮೆ, ಧಣಿಯ ತೊಡೆಯನ್ನೊಮ್ಮೆ ನೋಡಿ ಹಿಂದಕ್ಕೆ ಸರಿದು ನಿಂತ. ಡನ್ ಮಂಡಿಯೂರಿದ. ಒಂದು ಕೈ ಎಡಮಂಡಿಯ ಕೆಳಗೆ ಹೋಯಿತು. ಇನ್ನೊಂದು ಬಲದೊಡೆಯ ಕೆಳಗೆ, ಗುಳಿಯನ್ನು ತಪ್ಪಿಸಿ, ಅದರಿಂದ ಎರಡು ಬೆರಳು ಮೇಲೆ. ಇಷ್ಟು ವರ್ಷವಾದರೂ ತಡವರಿಸದೆ. ಎದ್ದು ನಿಂತಾಗ ಗವರ್ನರ್ ಅವನ ಬೆನ್ನ ಮೇಲಿದ್ದ.

“ಋಣ ತೀರ್ತು!” ಟಾಕೆಟ್ ಗಂಟಲು ಹರಿಯುವಂತೆ ಕೂಗಿದ. “ಅವತ್ತು ಅವರು ಹೊತ್ರು, ಇವತ್ತು ಇವನು ಹೊತ್ತ! ಋಣ ತೀರ್ತು ಕಣ್ರೋ!” ಆ ಕೂಗಿಗೆ ಒಹಾಯೋ ನದಿ ಎರಡು ಗಳಿಗೆ ಹರಿಯುವುದನ್ನು ಮರೆಯಿತು. ಬಂದೂಕು ಹಾರಿಸಿದರು, ಪೀಪಾಯಿ ಬಡಿದರು. ಎಲ್ಲರ ಕಣ್ಣ ಮುಂದೆ, ಹಾಡಹಗಲಿನಲ್ಲಿ, ಆವತ್ತು ನಡೆದದ್ದು ನಡೆದ ಹಾಗೇ ನಡೆಯುತ್ತಿತ್ತು, ಒಬ್ಬನಿಗೂ ಕಾಣಿಸುತ್ತಿರಲಿಲ್ಲ. ಹಾರ್ಗ್ರೋವ್‌ನ ಮೂಗು ಡನ್‌ನ ಕತ್ತಿನ ಹತ್ತಿರವಿತ್ತು: ಓಕ್ ಹೊಟ್ಟು, ಬೆವರು, ತಂಬಾಕು. ಅವನ ಕೈಗಳು ತಾವಾಗಿ ಹುಡುಕಿಕೊಂಡು ಹೋಗಿ ಆ ಎರಡು ಕಿವಿಗಳನ್ನು ಹಿಡಿದುಕೊಂಡಿದ್ದವು. ಇಳಿಸು ಎನ್ನಬೇಕು. ಇವರಿಗೆಲ್ಲ ಕೂಗಿ ಹೇಳಬೇಕು, ಇದೇ, ಇದೇ ಅದು, ನೋಡಿ ಎಂದು. ಕೂಗಿದರೂ ನಗುತ್ತಾರೆ, ಗೆದ್ದವನ ವಿನಯ ಎನ್ನುತ್ತಾರೆ.

ಕೋರ್ಟಿನ ಹಿಂಬದಿಯ ನೆರಳಿಗೆ ತಿರುಗಿದಾಗ ಗದ್ದಲ ಒಂದು ಗಳಿಗೆ ಗೋಡೆಯಾಚೆ ಉಳಿಯಿತು. ಡನ್ ಉಸಿರು ಸರಿಮಾಡಿಕೊಳ್ಳಲು ನಿಂತು, ಬೆನ್ನ ಮೇಲಿದ್ದವನನ್ನು ಒಮ್ಮೆ ಮೇಲಕ್ಕೆ ಎತ್ತಿ ಹಾಕಿಕೊಂಡ.

“ಅವತ್ತು ಯಾರೂ ಗಾಡಿ ಕೊಡ್ಲಿಲ್ಲ ಲೆಮ್,” ಎಂದ, ಮುಂದೆ ನೋಡುತ್ತಲೇ, ಕುದುರೆಯ ಮಾತೋ ಹವೆಯ ಮಾತೋ ಆಡುವವನಂತೆ. “ಆಸಾ ಇಷ್ಟು ಭಾರ ಇರ್ಲಿಲ್ಲ.”

ಹಾರ್ಗ್ರೋವ್‌ನ ಬಾಯಿ ಆ ಕಿವಿಯ ಪಕ್ಕದಲ್ಲೇ ಇತ್ತು. ಏನಾದರೂ ಹೇಳಬಹುದಿತ್ತು, ಕೇಳಿಸಿಕೊಳ್ಳುವವನು ಒಬ್ಬನೇ ಇದ್ದ. ತುಟಿ ಅಲುಗಿತು, ಒಣಗಿದ್ದ ನಾಲಗೆ ಕೊನೆಗೂ ಸಡಿಲವಾಯಿತು, ಮತ್ತು ಅದರಿಂದ ಹೊರಬಿದ್ದದ್ದು ಅವನಿಗೇ ಕೇಳಿಸಿತು: “ನಿಮ್ಮ ಮತಕ್ಕೆ ಋಣಿ ಮಹಾಶಯರೇ. ಸಾಯುವತನಕ…”

“ಹ್ಞೂಂ,” ಎಂದ ಡನ್, ಮತ್ತೆ ನಡೆಯತೊಡಗಿದ. ಮೂಲೆ ತಿರುಗಿದೊಡನೆ ಬಿಸಿಲೂ ಜನವೂ ಒಟ್ಟಿಗೆ ಮುಖಕ್ಕೆ ಬಡಿದವು. ಇನ್ನೊಂದು ಸುತ್ತು, ಇನ್ನೊಂದು ಸುತ್ತು ಎಂದು ಕೂಗುತ್ತಿದ್ದರು.